ಲೆನ್ಸಕ್ಕನ ಮೇಜಿಗೆ ಎಣ್ಣೆ ನಿಷಿದ್ಧ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿಸಿದ ಲೆನ್ಸಿಗೆ ಕಿವಿಯಾನಿಸಿ ಲೆನ್ಸಕ್ಕ ಉಸಿರು ಬಿಗಿಹಿಡಿದಿದ್ದಾರೆ. ಒಳಗಿನ ಫೋಕಸ್ ಮೋಟರಿನ ಪಿಸುಮಾತು ಕೇಳಬೇಕಾದರೆ ಬೀದಿ ಏಳುವ ಮೊದಲೇ ಕೂರಬೇಕು. ಬಟನ್ ಒತ್ತುತ್ತಾರೆ. ಕೀರಲು ದನಿಯೊಂದು ಬರುತ್ತದೆ. ಗಾಜು ಮಾತ್ರ ಅಲುಗುವುದಿಲ್ಲ.

ನಿನ್ನೆ ಸಂಜೆ ಒರೆಸಿ, ಬಟ್ಟಲು ಮುಚ್ಚಿಟ್ಟಿದ್ದ ಮೋಟರು ಇದು; ಈಗಷ್ಟೇ ಲೆನ್ಸಿನೊಳಗೆ ಕೂರಿಸಿದ್ದು. ಮತ್ತೆ ಬಿಚ್ಚಿ ಮೂಸಿದವರೇ ಹಣೆ ಚಚ್ಚಿಕೊಳ್ಳುತ್ತಾರೆ.

“ಮಾವ, ಇದಕ್ಕೂ ಎಣ್ಣೆ ಬಿಟ್ರಾ?”

ಮಾವ ಜೀವನವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಮನೆಯ ಫ್ಯಾನು, ಬೀಗ, ಕತ್ತರಿ ಯಾವುದೂ ಅವರ ಎಣ್ಣೆ ಡಬ್ಬಿಯಿಂದ ತಪ್ಪಿಸಿಕೊಂಡಿಲ್ಲ. ಸೊಸೆಗೆ ನೆರವಾಗುವ ಆಸೆ ಬೇರೆ. ಕ್ಯಾಮೆರಾ ಅಂಗಡಿಯಲ್ಲಿ ಕೆಲಸ ಕಲಿತ ಸೊಸೆ, ಅಂಗಡಿ ಮುಚ್ಚಿದ ಮೇಲೆ ಮನೆಯ ಉಗ್ರಾಣದಲ್ಲೇ ಲೆನ್ಸ್ ರಿಪೇರಿಗೆ ಮೇಜು ಹಾಕಿಕೊಂಡು ಊರಿಗೆಲ್ಲ ಲೆನ್ಸಕ್ಕ ಆಗಿದ್ದಾರೆ.

ಈ ಮೋಟರಿನಲ್ಲಿ ಎರಡು ಉಂಗುರಗಳು. ಒಂದು ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಅದಕ್ಕೆ ಒತ್ತಿಕೊಂಡ ಇನ್ನೊಂದು ಆ ನಡುಕದಿಂದಲೇ ತಿರುಗುತ್ತದೆ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದರೆ, ಇದರ ಪ್ರಾಣ ಇರುವುದು ತಿಕ್ಕಾಟದಲ್ಲಿ. ಒಂದು ಹನಿ ಎಣ್ಣೆ ಬಿದ್ದರೆ ಜಾರಿಕೆ, ಅಲ್ಲಿಗೆ ಕಥೆ ಮುಗಿಯಿತು.

“ಎಣ್ಣೆ ಹಾಕಿದ್ರೆ ಕೆಡೋ ಯಂತ್ರ ನಾನಂತೂ ನೋಡಿಲ್ಲ ಕಣಮ್ಮ,” ಎನ್ನುತ್ತಾರೆ ಮಾವ. “ಇದೇನು ಯಂತ್ರಾನೋ, ಮುನಿಸಿಕೊಂಡ ಅಳಿಯಾನೋ?”

“ಅಳಿಯಾನೇ ಅಂದ್ಕೊಳ್ಳಿ. ಮುಟ್ಟಬೇಡಿ.”

ನಗುವ ಹೊತ್ತಲ್ಲ. ಈ ಲೆನ್ಸಿನ ಒಡೆಯ ಎಳೆ ಮಕ್ಕಳ ಫೋಟೋ ತೆಗೆಯುವವನು; ಇನ್ನೇನು ಬಂದುಬಿಡುತ್ತಾನೆ. ಹೋದ ಸಲವೂ ಇದೇ ಎಣ್ಣೆ, ಇದೇ ಜಾರಿಕೆ. ಮತ್ತೆ ಹೀಗಾದರೆ ಕಂಪನಿಯ ಸರ್ವೀಸ್ ಸೆಂಟರಿಗೇ ಕೊಡುತ್ತೇನೆಂದು ಹೇಳಿಹೋಗಿದ್ದಾನೆ. ಊರಿನ ಅರ್ಧ ಲೆನ್ಸುಗಳು ಈ ಮೇಜಿಗೆ ಬರುವುದು ಅವನ ಬಾಯಿಮಾತಿನಿಂದ.

ಲೆನ್ಸಕ್ಕ ಉಂಗುರಗಳನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಾರೆ, ಮೂಸುತ್ತಾರೆ, ಮತ್ತೆ ಒರೆಸುತ್ತಾರೆ. ಗೊಣಗಾಟ ಮಾತ್ರ ನಿಲ್ಲುವುದಿಲ್ಲ: ಮಾವನ ಮೇಲೆ, ಎಣ್ಣೆಯ ಮೇಲೆ, ತಾವು ಸೊಸೆಯಾಗಿ ಬಂದ ಗಳಿಗೆಯ ಮೇಲೆ. ಕೊನೆಯ ತಿರುಪು ಬಿಗಿಯುವಾಗ ಹೊರಗೆ ಸ್ಕೂಟರು ನಿಲ್ಲುತ್ತದೆ.

ಫೋಟೋದವನು ಕ್ಯಾಮೆರಾವನ್ನು ಮಾವನ ಮುಖಕ್ಕೇ ಹಿಡಿಯುತ್ತಾನೆ. ಮಸುಕಾಗಿದ್ದ ಬಿಳಿ ಮೀಸೆ ಸದ್ದಿಲ್ಲದೆ ಸ್ಪಷ್ಟವಾಗುತ್ತದೆ. ಚೀಲದಿಂದ ಇನ್ನೊಂದು ಕೆಟ್ಟ ಲೆನ್ಸು ತೆಗೆದು ಮೇಜಿನ ಮೇಲಿಟ್ಟು ಹೊರಡುತ್ತಾನೆ.

ನಿಮಗೇನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಲೆನ್ಸಕ್ಕ ಉಗ್ರಾಣದ ಬಾಗಿಲು ನೋಡುತ್ತಾರೆ. ಅದು ಮೊದಲು ಓಣಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಮಾವ ಅದರ ಕೀಲುಗಳಿಗೂ ಎಣ್ಣೆ ಬಿಟ್ಟಂದಿನಿಂದ ಅವರು ಡಬ್ಬಿ ಹಿಡಿದು ಒಳಗೆ ಬಂದುಹೋಗುವುದು ಯಾರಿಗೂ ತಿಳಿಯುತ್ತಿಲ್ಲ.

ಕೈಯಲ್ಲಿದ್ದ ಸ್ಪಿರಿಟ್ ಬಟ್ಟೆಯಿಂದಲೇ ಲೆನ್ಸಕ್ಕ ಕೀಲು ಒರೆಸತೊಡಗುತ್ತಾರೆ. “ಮೊದಲಿನ ಹಾಗೆ ಕಿರುಗುಟ್ಟಿದ್ರೆ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ.”