ಬಾಯಿ ತೆರೆದು ಸೀನಿದ ಪ್ರಾಂಪ್ಟರ್

ನಮ್ಮ ಭಾವ, ಅಂದರೆ ಅಕ್ಕನ ಗಂಡ, ನಾಟಕ ಕಂಪನಿಯೊಂದರ ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತ ನಟರಿಗೆ ಮುಂದಿನ ಸಾಲನ್ನು ಪಿಸುಗುಟ್ಟುವುದು ಅವರ ಕಸುಬು. ಅದು ನಟನ ಕಿವಿಗೆ ಮುಟ್ಟಬೇಕು, ಪ್ರೇಕ್ಷಕರ ಕಿವಿಗೆ ಮುಟ್ಟಬಾರದು. ಈ ಶಿಸ್ತು ಅವರ ಮೈಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲಿಯೂ ಮೂಗು ಹಿಡಿದು, ತುಟಿ ಬಿಗಿದು, ಸೀನನ್ನು ಒಳಗೇ ನುಂಗುತ್ತಿದ್ದರು.

"ಮದ್ವೆ ಆದಾಗಿಂದ ಇವರು ಸೀನಿದ್ದು ಕೇಳಿಲ್ಲ, ಬರೀ ಹೆಗಲು ಹಾರೋದು ನೋಡಿದೀನಿ" ಎನ್ನುತ್ತಿದ್ದಳು ಅಕ್ಕ.

ಮೇಲ್ದವಡೆಯ ಎಡಬದಿಯ ಹಿಂದಿನ ಹಲ್ಲುಗಳು ಹೋದ ಮೇಲೆ ಫಜೀತಿ ಶುರುವಾಯಿತು. ತೆಗೆದು ಹಾಕುವ ಹಲ್ಲಿನ ಸೆಟ್ಟು ಪಿಸುಮಾತಿನ ನಡುವೆ ಟಕ್ ಟಕ್ ಎನ್ನುತ್ತಿತ್ತು.

"ಏನ್ರೀ, ಪರದೆ ಹಿಂದೆ ಕುದುರೆ ಕಟ್ಟಿದೀವಿ ಅಂದ್ಕೋತಾರೆ ಜನ. ಗಟ್ಟಿ ಹಲ್ಲು ಹಾಕಿಸ್ಕೊಳ್ಳಿ, ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಬೇಕಾಗತ್ತೆ" ಎಂದರು ನಿರ್ದೇಶಕರು.

ದಂತವೈದ್ಯೆಯ ಬಳಿಗೆ ಭಾವನ ಜೊತೆ ನಾನೂ ಹೋದೆ. ಇಂಪ್ಲಾಂಟ್ ಎಂದರೆ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು. ಹೊಸ ಹಲ್ಲು ನಿಲ್ಲುವುದು ಅದರ ಮೇಲೆ. ಭಾವನ ಮೇಲ್ದವಡೆಯಲ್ಲಿ ಆ ತಿರುಪಿಗೆ ಬೇಕಾದಷ್ಟು ಮೂಳೆಯೇ ಉಳಿದಿರಲಿಲ್ಲ. ಉಳಿದ ತೆಳು ಪದರದ ಮೇಲೆಯೇ ಸೈನಸ್ ಎಂಬ ಗಾಳಿಗೂಡು.

"ಪಕ್ಕದ ಮೂಳೇಲಿ ಪುಟ್ಟ ಕಿಟಕಿ ಕೊರೀತೀನಿ. ಸೈನಸ್ಸಿನ ಒಳಪೊರೇನ ಮೆಲ್ಲಗೆ ಮೇಲೆತ್ತಿ, ಅದರ ಕೆಳಗೆ ಮೂಳೆಪುಡಿ ತುಂಬ್ತೀನಿ. ಕೆಲವು ತಿಂಗಳಲ್ಲಿ ಗಟ್ಟಿಯಾದ್ರೆ ತಿರುಪು ಹಾಕೋದು" ಎಂದರು ವೈದ್ಯೆ.

"ಕಿಟಕಿ ಇಲ್ದೆ ಆಗಲ್ವಾ ಡಾಕ್ಟ್ರೇ?" ಎಂದೆ.

"ಇನ್ನೊಂಚೂರು ಮೂಳೆ ಇದ್ದಿದ್ರೆ ಹಲ್ಲಿನ ಜಾಗದಿಂದ್ಲೇ ತಟ್ಟಿ ಎತ್ತಬಹುದಿತ್ತು. ಇವರಿಗೆ ಅದು ಸಾಲಲ್ಲ."

"ಪೊರೆ ಹರಿದ್ರೆ?"

"ಹರಿಯೋದುಂಟು. ಚಿಕ್ಕದಾದ್ರೆ ತೇಪೆ ಹಾಕ್ತೀವಿ. ದೊಡ್ಡದಾದ್ರೆ ಹೊಲಿಗೆ ಹಾಕಿ, ಮಾಗಿದ್ಮೇಲೆ ಬನ್ನಿ ಅಂತೀವಿ."

ಎಲ್ಲ ಸಲೀಸು ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಈ ಉತ್ತರವನ್ನು ನಂಬಿದೆ.

ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಕಟ್ಟಪ್ಪಣೆ ಬಂದದ್ದು ಹೊರಡುವಾಗ: ಕೆಲವು ವಾರ ಮೂಗು ಸೀಟುವಂತಿಲ್ಲ; ಸೀನು ಬಂದರೆ ಬಾಯಿ ಅಗಲ ತೆರೆದು ಸೀನಬೇಕು. ತಡೆದರೆ ಗಾಳಿಯ ಒತ್ತಡಕ್ಕೆ ಪೊರೆ ಹರಿದು, ತುಂಬಿದ ಪುಡಿಯೆಲ್ಲ ಕದಲಬಹುದು.

ಭಾವನ ಮುಖ ಸಣ್ಣದಾಯಿತು. "ಅದೊಂದು ನನಗೆ ಬರಲ್ವಲ್ಲಮ್ಮಾ."

ಮನೆಯಲ್ಲಿ ಅಕ್ಕ ತಾಲೀಮು ಶುರು ಮಾಡಿದಳು. "ಇನ್ನೂ ಅಗಲ ತೆಗೀರಿ! ನನ್ ಮೇಲೆ ರೇಗೋವಾಗ ತೆಗೀತೀರಲ್ಲ, ಹಾಗೆ!"

ಅಷ್ಟರಲ್ಲಿ ಪ್ರದರ್ಶನದ ದಿನ ಬಂದೇಬಿಟ್ಟಿತು. ನಾಯಕ ನಟ ಮರೆವಿನಲ್ಲಿ ಹೆಸರುವಾಸಿ. ಭಾವ ಇಲ್ಲದೆ ಅವನು ರಂಗದ ಮೇಲೆ ಕಾಲಿಡುವವನಲ್ಲ. ಅಕ್ಕ ಕಾವಲಿಗೆಂದು ಸ್ಟೂಲಿನ ಪಕ್ಕದಲ್ಲೇ ನಿಂತಳು, ಅವಳ ಹಿಂದೆ ನಾನು. ಸೋತ ರಾಜ ಒಬ್ಬನೇ ಕಾಡಿನ ಪಾಳುಗುಡಿಸಲಲ್ಲಿ ಅಡಗಿರುವ ದೃಶ್ಯ. ಸಭೆಯೆಲ್ಲ ಗಪ್‌ಚಿಪ್. ಪರದೆ ಅಲುಗಿ ಧೂಳು ಉದುರಿತು. ಭಾವನ ಕೈ ತಾನಾಗಿಯೇ ಮೂಗಿಗೆ ಹೋಯಿತು. ಅಕ್ಕ ಆ ಕೈಯನ್ನು ಹಿಡಿದು ಕೆಳಗೆಳೆದಳು.

"ಹಾ... ಹಾಕ್ಷೀ!"

ರಾಜ ಬೆಚ್ಚಿಬಿದ್ದ. ಅಭ್ಯಾಸಬಲದಿಂದ "ಯಾರಲ್ಲಿ?" ಎಂದು ಗುಡುಗಿದ. ಆಚೆ ಬದಿಯಲ್ಲಿ ಸರದಿಗಾಗಿ ಕಾಯುತ್ತಿದ್ದ ಸೇವಕ ಪಾತ್ರಧಾರಿ ಓಡಿಬಂದು ಕೈಮುಗಿದ: "ನಾನೇ ಪ್ರಭು. ತಮ್ಮ ಜೊತೆ ಕಾಡಲ್ಲಿ ಮಲಗಿ ಮಲಗಿ ನೆಗಡಿ."

ಸಭೆ ಬಿದ್ದು ಬಿದ್ದು ನಕ್ಕಿತು. ದುರಂತ ನಾಟಕ ಅಲ್ಲಿಗೆ ನೆಗೆದುಬಿತ್ತು.

ತೆರೆ ಬಿದ್ದೊಡನೆ ನಿರ್ದೇಶಕರು ಧುಮುಗುಟ್ಟುತ್ತ ಬಂದರು. ಭಾವ ಬಾಯಿ ಬಿಡುವ ಮೊದಲೇ ಅಕ್ಕ ಅಂದಳು: "ಗಟ್ಟಿ ಹಲ್ಲು ಹಾಕಿಸ್ಕೊಳ್ಳಿ ಅಂದೋರು ನೀವೇ ತಾನೆ ಸಾರ್? ಅದು ಹೀಗೇ ಬರೋದು." ನಿರ್ದೇಶಕರು ಒಮ್ಮೆ ಅಕ್ಕನನ್ನೂ ಒಮ್ಮೆ ಭಾವನನ್ನೂ ನೋಡಿ, ನಗು ತಡೆಯಲಾಗದೆ ತಿರುಗಿ ನಡೆದರು.

ತಿಂಗಳುಗಳ ನಂತರದ ಸ್ಕ್ಯಾನಿನಲ್ಲಿ ಹೊಸ ಮೂಳೆ ಗಟ್ಟಿಯಾಗಿ ಕೂತಿತ್ತು. ತಿರುಪು ಹಾಕುವ ದಿನ ನಿಗದಿಯಾಯಿತು. ಮುಂದಿನ ನಾಟಕಕ್ಕೂ ಇವರೇ ಪ್ರಾಂಪ್ಟರ್ ಎಂದು ಕಂಪನಿಯಿಂದ ಹೇಳಿಕಳಿಸಿದರು.

"ಅವತ್ತು ಬಾಯಿ ತೆರೆದು ಸೀನಿದ್ದಕ್ಕೇ ಮೂಳೆ ಉಳೀತು" ಎಂದು ಭಾವ ಬೀಗಿದರು.

"ಒಂದು ಸೀನಿನಿಂದ ಹಾಗೆ ಹೇಳಕ್ಕಾಗಲ್ಲ ಭಾವ. ತಡೆದಿದ್ರೂ ಉಳೀತಿತ್ತೇನೋ" ಎಂದೆ.

"ಹೌದಾ? ಹಾಗಾದ್ರೆ ನೀನೂ ನಾಲ್ಕು ಹಲ್ಲು ಕೀಳಿಸ್ಕೊಂಡು, ಮೂಳೆಪುಡಿ ತುಂಬಿಸ್ಕೊಂಡು ಬಾ. ಬಾಯಿ ಮುಚ್ಚಿ ಸೀನು. ಹೋಲಿಸಿ ನೋಡೋಣ."

ನಾನು ನನ್ನ ಅನುಮಾನವನ್ನು ಹಿಂತೆಗೆದುಕೊಂಡೆ.