ತಮ್ಮನಿಗೊಬ್ಬರು ವಕೀಲರು

ಆ ಬಡಾವಣೆಯ ಮನೆಗಳು ಅವಳಿಗೆ ಗೊತ್ತಿದ್ದದ್ದು ಕಿಟಕಿಗಳಿಂದ. ಎತ್ತರದ ಕಾಂಪೌಂಡು, ಅದರಾಚೆ ಹುಲ್ಲುಹಾಸು, ಸದ್ದಿಲ್ಲದೆ ಸರಿಯುವ ಗೇಟು. ರಸ್ತೆಯಲ್ಲಿ ನಿಂತು ನೋಡಿದರೆ ಎಲ್ಲ ಒಂದೇ ಅಚ್ಚಿನವು. ಒಳಗೆ ಹೋಗಿ ಅಳತೆಯ ಟೇಪು ಬಿಚ್ಚಿದಮೇಲೆ, ಯಾರಿಗೆ ಬೆಳಗಿನ ಬಿಸಿಲು ಆಗದು, ಯಾರಿಗೆ ಎದುರುಮನೆಯವರ ಮುಖ ಆಗದು ಎಂಬುದೆಲ್ಲ ತಾನಾಗಿ ತಿಳಿಯುತ್ತಿತ್ತು. ಪರದೆ ಹೊಲಿಯುವುದು ಅವಳ ಕಸುಬು. ಗಂಡ ವ್ಯಾನು ಓಡಿಸಿ, ಗೋಡೆ ಕೊರೆದು, ರಾಡು ಕೂರಿಸುತ್ತಿದ್ದ. ಬಡಾವಣೆಯವರೆಲ್ಲ ಅವಳನ್ನು ಪರದೆಯಕ್ಕ ಎನ್ನುತ್ತಿದ್ದರು.

ಅವಳು ಹುಟ್ಟಿ ಬೆಳೆದದ್ದೂ ಅಲ್ಲೇ. ಸುತ್ತಲೂ ಇನ್ನೂ ಪೊದೆ ಬೆಳೆದಿದ್ದ ಕಾಲದಲ್ಲಿ, ನಕ್ಷೆ ಬಿಡಿಸುವ ನೌಕರಿಯಲ್ಲಿದ್ದ ಅಪ್ಪ ಒಂದು ಫ್ಲಾಟು ಕೊಂಡಿದ್ದ. ಆಮೇಲೆ ಸಿರಿವಂತರು ಬಂದರು, ರಸ್ತೆಗೆ ಮರ ನೆಟ್ಟರು, ಈಜುಕೊಳ ಕಟ್ಟಿಸಿದರು. ಮದುವೆಯಾಗಿ ಅವಳು ಸೇತುವೆಯಾಚೆ, ಹೊಲಿಗೆ ಕೋಣೆಯ ಮೇಲಿನ ಮನೆಗೆ ಹೋದಳು. ಅಣ್ಣನೂ ಬೇರೆ ಮನೆ ಮಾಡಿದ. ಅಪ್ಪ ತೀರಿಕೊಂಡ ಬಳಿಕ ಫ್ಲಾಟಿನಲ್ಲಿ ಅಮ್ಮ ಮತ್ತು ಮರಿ ಇಬ್ಬರೇ ಉಳಿದರು.

ಮರಿ ಎಂದರೆ ನಲವತ್ತು ದಾಟಿದ ತಮ್ಮ. ಹುಟ್ಟಿನಿಂದಲೂ ಅವನ ಬುದ್ಧಿ ನಿಧಾನ. ಗಡಿಯಾರ ನೋಡಲು ಬರುತ್ತಿತ್ತು, ಎಣಿಕೆ ಕೈಬೆರಳುಗಳನ್ನು ದಾಟುತ್ತಿರಲಿಲ್ಲ. ಈಜುಕೊಳದ ಕೌಂಟರಿನಲ್ಲಿ ಬಂದವರಿಗೆ ಟವೆಲ್ಲು, ಲಾಕರಿನ ಕೀಲಿ ಕೊಡುವುದು ಅವನ ಕೆಲಸ. ಅದರಲ್ಲಿ ಬಲು ಕಟ್ಟುನಿಟ್ಟು. ಒದ್ದೆ ಕಾಲಲ್ಲಿ ಬಂದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಒರೆಸಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳಿಸುತ್ತಿದ್ದ. ಹಾಗಂತ ಸಾಧುವೇನಲ್ಲ. ಸುಳ್ಳು ಹೇಳುತ್ತಿದ್ದ, ಸಿಟ್ಟು ಬಂದರೆ ಇಡೀ ದಿನ ಮುಖ ಊದಿಸಿಕೊಂಡಿರುತ್ತಿದ್ದ. ಒಮ್ಮೆ ರಿಪೇರಿಯವನೆಂದು ಬಂದ ಅಪರಿಚಿತನಿಗೆ ಮನೆಯ ಟೀವಿಯನ್ನೇ ಎತ್ತಿಕೊಟ್ಟು, ಮೆಟ್ಟಿಲಿಳಿಯುವಾಗ ಒಂದು ಕಡೆ ತಾನೇ ಹಿಡಿದುಕೊಂಡಿದ್ದ.

ಅಮ್ಮ ಹೋದ ಮೇಲೆ ಮೂವರೂ ಫ್ಲಾಟಿನ ಊಟದ ಮೇಜಿನ ಸುತ್ತ ಕೂತರು. ಅಣ್ಣನದು ಆಸ್ಪತ್ರೆಗಳಿಗೆ ಮಂಚ, ಗಾಲಿಕುರ್ಚಿ ಪೂರೈಸುವ ವ್ಯಾಪಾರ. ಇಂಥವರನ್ನು ನೋಡಿಕೊಳ್ಳುವ ಧಾಮಗಳ ಒಳಹೊರಗೆಲ್ಲ ಬಲ್ಲವನು.

“ಊರಾಚೆ ಒಂದು ಕಡೆ ನೋಡಿದೀನಿ. ತೋಟ ಇದೆ, ನರ್ಸುಗಳಿದಾರೆ. ಈ ಫ್ಲಾಟ್ ಮಾರೋಣ, ಅವನ ಪಾಲು ಅವನಿಗೇ ಇಡೋಣ. ನಾವಿಬ್ಬರೂ ಹೋದ್ಮೇಲೆ ಅವನ ಗತಿ ಏನು ಅಂತ ಯೋಚನೆ ಮಾಡಿದೀಯಾ?”

“ನಾನಿನ್ನೂ ಹೋಗಿಲ್ವಲ್ಲ ಅಣ್ಣ. ನಮ್ಮನೇಲಿ ಇರ್ತಾನೆ.”

“ನಿಮ್ಮನೇಲಿ ಜಾಗ ಎಲ್ಲಿದೆ? ಬಟ್ಟೆ ಥಾನಿನ ಮೇಲೆ ಮಲಗಿಸ್ತೀಯಾ?”

ಮಾತಿಗೆ ಮಾತು ಬೆಳೆಯಿತು. ಅಮ್ಮ ಇದ್ದಾಗ ಯಾರು ಎಷ್ಟು ಸಲ ಬಂದುಹೋದರು ಎಂಬಲ್ಲಿಗೂ ಹೋಯಿತು. ಮರಿ ಅಲ್ಲೇ ಕೂತಿದ್ದ. ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಚಮಚದ ಹಿಂಬದಿಯಿಂದ ಗೆರೆ ಎಳೆಯುತ್ತಿದ್ದ. ಇಬ್ಬರೂ ಅವನ ಕಡೆ ನೋಡಲಿಲ್ಲ. ಕೊನೆಗೆ ಅಣ್ಣ, “ಸರಿ ಹಾಗಾದ್ರೆ, ನಾನು ವಕೀಲರನ್ನ ನೋಡ್ತೀನಿ” ಎಂದು ಚಪ್ಪಲಿ ಮೆಟ್ಟಿದ. ಅವಳೂ ಬಿಡಲಿಲ್ಲ. “ನಿನಗೊಬ್ಬನಿಗೇನಾ ವಕೀಲರು ಸಿಗೋದು?” ಎಂದಳು.

ಸಿಗುವುದಕ್ಕೇನು, ಆ ಬಡಾವಣೆಯಲ್ಲಿ ಹಿತ್ತಾಳೆ ಫಲಕಗಳಿಗೆ ಬರವಿರಲಿಲ್ಲ. ಪರದೆಯಕ್ಕ ಮೊದಲು ಹೋದದ್ದು ಮೂಲೆಮನೆಯ ವಕೀಲರಲ್ಲಿಗೆ. ಅವರ ಮನೆಯ ನಡುಕೋಣೆಯ ಕಿಟಕಿ ನೆಲದಿಂದ ಸೂರಿನವರೆಗೆ ಇತ್ತು. ಅದಕ್ಕೆ ಎರಡು ಪದರದ ಪರದೆ ಹಾಕಿ ಅವಳ ತೋಳು ಬಿದ್ದುಹೋಗಿತ್ತು. ಅಷ್ಟು ದೊಡ್ಡ ಕಿಟಕಿ ಇಟ್ಟವರು ಹೆಚ್ಚು ಕೇಸು ಸೋತಿರಲಾರರು ಎಂಬುದು ಅವಳ ಲೆಕ್ಕ.

ವಕೀಲರು ಅವಳನ್ನು ಕಂಡದ್ದೇ, “ಓಹೋ, ಆಫೀಸಿನ ಅಳತೆಗಾ? ನಮ್ಮ ಮನೆಯವಳು ಹೇಳಿಯೇ ಇರಲಿಲ್ಲ” ಎಂದು ಎದ್ದು, ಕಿಟಕಿಗೆ ಅಡ್ಡವಾಗದಂತೆ ಕುರ್ಚಿಯನ್ನೂ ಸರಿಸಿದರು.

“ಅಳತೆಗಲ್ಲ ಸಾರ್. ಒಂದು ಕೇಸಿತ್ತು.”

ಅವರು ಕೂತು ಕೇಳಿದರು. ಅರ್ಧ ಕೇಳುವಷ್ಟರಲ್ಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡೀಮ್ಮ, ಇನ್ನು ಮುಂದೆ ಹೇಳಬೇಡಿ. ನಿಮ್ಮಣ್ಣ ಮೊನ್ನೆ ಬಂದು ಇದೇ ಕುರ್ಚೀಲಿ ಕೂತಿದ್ರು. ನಾನು ಒಪ್ಕೊಂಡುಬಿಟ್ಟಿದೀನಿ. ಎರಡೂ ಕಡೆ ಮಾತು ನಾನು ಕೇಳೋ ಹಾಗಿಲ್ಲ.”

ಅಣ್ಣನೂ ಕಿಟಕಿ ನೋಡಿಯೇ ಬಂದಿದ್ದನೋ ಏನೋ. ಅವಳು ಕೈ ಮುಗಿದು ಎದ್ದಳು. ಬಾಗಿಲ ತನಕ ಬಂದ ವಕೀಲರು ಮಲಗುವ ಕೋಣೆಯ ಒಂದು ಕೊಕ್ಕೆ ಕಳಚಿದೆ ಎಂದರು. ಬಂದು ಹಾಕಿಕೊಡುತ್ತೇನೆ ಎಂದಳು.

ಎರಡನೆಯವನು ಗಾಜಿನ ಕಟ್ಟಡದವನು. ಅಲ್ಲಿ ಕಾಯುವ ಕೋಣೆಯ ಸೋಫಾದಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಚಿಕ್ಕ ವಯಸ್ಸಿನ ವಕೀಲ, ಚುರುಕು ಮಾತು.

“ಗೆಲ್ಲೋಕೆ ಇರೋದು ಒಂದೇ ದಾರಿ ಮೇಡಂ. ನಿಮ್ಮ ತಮ್ಮಂಗೆ ಏನೂ ತಿಳಿಯಲ್ಲ ಅಂತ ಡಾಕ್ಟರ ಹತ್ರ ಬರೆಸಿ. ಎಷ್ಟು ಕಮ್ಮಿ ತಿಳಿಯುತ್ತೋ ನಮ್ಮ ಕೇಸು ಅಷ್ಟು ಗಟ್ಟಿ. ಅಣ್ಣಂಗೆ ಅವನ ಮೇಲೆ ಪ್ರೀತಿನೇ ಇಲ್ಲ ಅನ್ನೋದನ್ನ ನಾನು ನೋಡ್ಕೋತೀನಿ.”

“ಪ್ರೀತಿ ಇದೆ” ಎಂದಳು ಪರದೆಯಕ್ಕ.

“ಇರಲಿ. ಕೋರ್ಟಲ್ಲಿ ಹೇಳಬೇಡಿ.”

ಯೋಚಿಸಿ ಬರುತ್ತೇನೆಂದು ಹೊರಟವಳು ಹಾಗೇ ಈಜುಕೊಳದ ಕಡೆ ನಡೆದಳು. ಕೌಂಟರಿನ ಮುಂದೆ ಜನರಿದ್ದರು. ಬದಿಯಿಂದ ಹೋಗಿ ತಮ್ಮನನ್ನು ಮಾತಾಡಿಸಲು ನೋಡಿದರೆ ಅವನು ತಲೆಯೆತ್ತದೆ, “ಸಾಲಲ್ಲಿ ಬಾ ಅಕ್ಕ” ಎಂದ. ಅವಳು ಸಾಲಿನ ಕೊನೆಗೆ ಹೋಗಿ ನಿಂತಳು. ಏನೂ ತಿಳಿಯಲ್ಲ ಎಂದು ಬರೆಸುವುದು ಹೇಗೆ ಎಂಬ ಯೋಚನೆಯಲ್ಲಿ ತನ್ನ ಸರದಿ ಬಂದದ್ದೂ ಗೊತ್ತಾಗಲಿಲ್ಲ. ಮರಿ ಅವಳ ಕೈಗೂ ಒಂದು ಟವೆಲ್ಲು ಕೊಟ್ಟ.

ಸರಿಯಾದ ವಕೀಲರ ಸುದ್ದಿ ಸಿಕ್ಕಿದ್ದು ಒಬ್ಬ ಮುದುಕಿಯಿಂದ. ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದ ಗಟ್ಟಿ ಹೆಂಗಸು. ಮಾದರಿ ಬಟ್ಟೆ ತೋರಿಸುತ್ತ ಪರದೆಯಕ್ಕ ತನ್ನ ಪಾಡು ಹೇಳಿಕೊಂಡಾಗ ಮುದುಕಿ, “ಔಷಧಿ ಅಂಗಡಿ ಮೇಲೆ ಒಬ್ಬಳು ವಕೀಲೆ ಇದಾಳೆ, ಅಲ್ಲಿಗೆ ಹೋಗು” ಎಂದಳು.

“ನಿಮ್ಮ ಕೇಸು ಅವರೇ ನಡೆಸಿದ್ರಾ ಅಮ್ಮ?”

“ನನ್ನ ಸೊಸೆದು ನಡೆಸಿದ್ಲು, ನನ್ನ ವಿರುದ್ಧ. ಮೊಮ್ಮಗ ನನ್ನ ಹತ್ರಾನೇ ಇರ್ಬೇಕು ಅಂತ ಹಟ ಹಿಡಿದಿದ್ದೆ. ನೀರಿಳಿಸಿಬಿಟ್ಲು. ಆದ್ರೆ ಒಂದು ಸುಳ್ಳು ಹೇಳ್ಲಿಲ್ಲ, ಒಂದು ಮಾತು ಹೆಚ್ಚಿಗೆ ಆಡ್ಲಿಲ್ಲ. ಕೇಸು ಮುಗಿದಮೇಲೆ ಹುಡುಗ ವಾರಕ್ಕೊಂದ್ಸಲ ಬರೋ ಹಾಗೆ ಮಾಡ್ಸಿದ್ದೂ ಅವಳೇ.” ಮುದುಕಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಇದು ಒಗೆದ್ರೆ ಬಣ್ಣ ಬಿಡುತ್ತಾ?”

ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಕಡಿದು. ಮೇಲೆ ಒಂದು ಕೋಣೆ, ಹೊರಗೊಂದು ಬೆಂಚು. ಕಿಟಕಿಗೆ ಪರದೆಯೇ ಇರಲಿಲ್ಲ. ಸಂಜೆಯ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ವಕೀಲೆ ಮಾತಾಡುತ್ತ ಮಾತಾಡುತ್ತ ಕುರ್ಚಿಯನ್ನು ನೆರಳಿಗೆ ಸರಿಸಿಕೊಳ್ಳುತ್ತಿದ್ದರು. ನಡುವಯಸ್ಸು, ಬಾಚಿ ಕಟ್ಟಿದ ಕೂದಲು, ನಗು ಸುಲಭವಾಗಿ ಬರದ ಮುಖ. ಪೂರ್ತಿ ಕೇಳಿದ ಮೇಲೆ ಅವರ ಬಾಯಿಂದ ಒಂದೇ ಪ್ರಶ್ನೆ ಬಂತು.

“ನಿಮ್ಮ ತಮ್ಮ ಏನಂತಾರೆ?”

“ಅವನಾ?” ಪರದೆಯಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅವನೇನಂತಾನೆ ಮೇಡಂ, ನಾನು ಹೇಳ್ದಂಗೆ ಕೇಳ್ತಾನೆ.”

“ಕೇಳಿದೀರಾ?”

ಅವಳು ಚೀಲದಿಂದ ಇಣುಕುತ್ತಿದ್ದ ಅಳತೆಯ ಟೇಪನ್ನು ಒಳಗೆ ತುರುಕಿದಳು.

“ಒಂದ್ಸಲ ಕರ್ಕೊಂಡು ಬನ್ನಿ.”

ಮುಂದಿನ ವಾರ ಮರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ವಕೀಲೆ ಅವನಿಗೆ ಕುರ್ಚಿ ತೋರಿಸಿ, ಅವಳಿಗೆ ಹೊರಗಿನ ಬೆಂಚು ತೋರಿಸಿದರು. ಬಾಗಿಲು ಮುಚ್ಚಿತು. ಹುಟ್ಟಿದಾಗಿನಿಂದ ಡಾಕ್ಟರು, ಶಾಲೆ, ಕೆಲಸದ ಸಂದರ್ಶನ, ಎಲ್ಲಿಗೆ ಹೋದರೂ ಅವನ ಪರವಾಗಿ ಮಾತಾಡಿದ್ದು ಅಮ್ಮ, ಇಲ್ಲವೆ ಅವಳು. ಈಗ ಬಾಗಿಲಾಚೆ ಅವನೊಬ್ಬನೇ ಮಾತಾಡುತ್ತಿದ್ದ. ಮಧ್ಯೆ ಒಮ್ಮೆ ಜೋರು ನಗು ಕೇಳಿಸಿತು, ವಕೀಲೆಯದು. ಏನು ಹೇಳಿಬಿಟ್ಟನೋ ಎಂದು ಅವಳು ಬೆಂಚಿನ ತುದಿಗೆ ಜಾರಿ ಕೂತಳು.

ಒಳಗೆ ಕರೆದಾಗ ಮರಿ ನೆಟ್ಟಗೆ ಕೂತಿದ್ದ, ಕೌಂಟರಿನ ಮುಖ ಹಾಕಿಕೊಂಡು.

“ಇವರು ನನ್ನನ್ನ ವಕೀಲರಾಗಿ ಇಟ್ಕೊಂಡಿದಾರೆ” ಎಂದರು ವಕೀಲೆ. “ಹಾಗಾಗಿ ನಾನು ನಿಮ್ಮ ವಕೀಲೆಯಾಗೋಕೆ ಆಗಲ್ಲ.”

“ನಾವಿಬ್ಬರೂ ಒಂದೇ ಅಲ್ವಾ ಮೇಡಂ?”

“ಅಲ್ಲ. ಅವರೇ ಹೇಳ್ತಾರೆ ಕೇಳಿ.”

ಮರಿ ಗಂಟಲು ಸರಿಮಾಡಿಕೊಂಡ. “ನಾನು ಅಮ್ಮನ ಮನೇಲೇ ಇರ್ತೀನಿ. ಕೊಳಕ್ಕೆ ನಡ್ಕೊಂಡು ಹೋಗ್ಬಹುದು. ಅಣ್ಣನ ತೋಟ ಬೇಡ. ನಿನ್ನ ಮನೆನೂ ಬೇಡ ಅಕ್ಕ, ಮಿಷನ್ನು ಸದ್ದು ಮಾಡುತ್ತೆ. ನೀನು ಬರಬಹುದು. ಬರೋವಾಗ ಬೆಲ್ ಹೊಡಿ. ಸುಮ್ನೆ ಕೀಲಿ ಹಾಕ್ಕೊಂಡು ಒಳಗೆ ಬರಬೇಡ.”

ಗಂಡನ ವ್ಯಾನಿನಲ್ಲಿ ಮೂವರೂ ಒಂದೇ ಸೀಟಿನ ಸಾಲಿನಲ್ಲಿ ಕೂತು ಬಂದರು. ಮರಿಯನ್ನು ಇಳಿಸಿದ ಮೇಲೆ ಅವಳು ಗಂಡನ ಮೇಲೆ ಹರಿಹಾಯ್ದಳು. “ತಲೆ ಕೆಡ್ಸಿಬಿಟ್ಲು ರೀ ಅವನದು! ಹೆತ್ತ ತಾಯಿ ಥರ ನೋಡ್ಕೊಂಡಿದೀನಿ, ಮಿಷನ್ ಸದ್ದಂತೆ!”

ಸಿಗ್ನಲ್ ಹಸಿರಾದಾಗ ಗಂಡ ಗೇರು ಹಾಕಿದ. “ಸದ್ದು ಮಾಡುತ್ತೆ” ಎಂದ.

ಅವಳು ಮರಿಗೆಂದು ತನ್ನ ಮನೆಯ ಚಿಕ್ಕ ಕೋಣೆಯನ್ನು ಆಗಲೇ ಖಾಲಿ ಮಾಡಿಸಿದ್ದಳು. ಕಿಟಕಿಗೆ ಪರದೆಯೂ ಹೊಲಿದಾಗಿತ್ತು, ನೀಲಿ ಬಟ್ಟೆಯ ಮೇಲೆ ಗಾಳಿಪಟದ ಚಿತ್ರ. ಒಂದು ಮಧ್ಯಾಹ್ನ ಅದನ್ನು ತೂಗುಹಾಕಿ ದೂರ ನಿಂತು ನೋಡಿದಳು. ಮಕ್ಕಳ ಕೋಣೆಗೆಂದು ತರಿಸಿದ ಬಟ್ಟೆ ಅದು. ಹೊಲಿಯುವಾಗ ಅದು ಅವಳಿಗೆ ಹೊಳೆದೇ ಇರಲಿಲ್ಲ. ಪರದೆ ಬಿಚ್ಚಿ ಮಡಿಸಿ ಥಾನುಗಳ ಅಡಿಗೆ ಸೇರಿಸಿದಳು. ಗಾಜಿನ ಕಟ್ಟಡದಿಂದ ಫೋನು ಬಂದಾಗ, ಬೇಡ ಬಿಡಿ ಎಂದಳು. ತನಗೆಂದು ಬೇರೆ ವಕೀಲರನ್ನು ಹುಡುಕಲೂ ಹೋಗಲಿಲ್ಲ.

ಕೋರ್ಟಿಗೆ ಹೋಗುವ ಮೊದಲು ಮಾತಾಡಿ ನೋಡೋಣವೆಂದು ಎಲ್ಲರೂ ಸೇರಿದ್ದು ಮೂಲೆಮನೆ ವಕೀಲರ ಆಫೀಸಿನಲ್ಲಿ. ಅಣ್ಣ ತಯಾರಾಗಿಯೇ ಬಂದಿದ್ದ. ಬೆಂಕಿ ಹತ್ತಿಕೊಂಡರೆ? ಬಾತ್‌ರೂಮಿನಲ್ಲಿ ಜಾರಿ ಬಿದ್ದರೆ? ಟೀವಿ ಕೊಟ್ಟವನು ನಾಳೆ ಮನೆಯನ್ನೇ ಬರೆದುಕೊಟ್ಟರೆ? ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಅವನು ನೋಡಿದ ಧಾಮಗಳಲ್ಲಿ ಯಾರೂ ಇಲ್ಲದೆ ಬಂದು ಬಿದ್ದವರು ಎಷ್ಟು ಮಂದಿ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ತಂಗಿ ಅವನನ್ನು ಹಾಗೆ ಕಂಡದ್ದು ಅದೇ ಮೊದಲು.

“ಟೀವಿ ಕೊಟ್ಟಿದ್ದು ತಪ್ಪು” ಎಂದ ಮರಿ. ಆಮೇಲೆ, “ಗ್ಯಾಸ್ ನಾನೇ ಆಫ್ ಮಾಡ್ತೀನಿ. ಹೋದ್ಸಲ ಬಂದಾಗ ನೀನೇ ಮರೆತಿದ್ದೆ” ಎಂದ.

ವಕೀಲೆ ಅಣ್ಣನ ಹೆದರಿಕೆಗಳನ್ನು ಅಲ್ಲಗಳೆಯಲಿಲ್ಲ. ಒಂದೊಂದನ್ನೇ ಹಿಡಿದು, ಇದಕ್ಕೇನು ಮಾಡೋಣ ಎಂದು ಕೇಳುತ್ತ ಹೋದರು. ಬಿಸಿ ಬಿಸಿ ಮಾತಾಯಿತು, ಒಮ್ಮೆ ಅಣ್ಣ ಎದ್ದು ಹೊರಗೂ ಹೋದ. ಮೂಲೆಮನೆ ವಕೀಲರೇ ಹೋಗಿ ಕರೆತಂದರು. ಕೊನೆಗೆ ಒಪ್ಪಂದವಾಯಿತು: ಮರಿ ಇರುವವರೆಗೆ ಫ್ಲಾಟು ಮಾರುವಂತಿಲ್ಲ, ಖಾಲಿ ಕೋಣೆಗೆ ಅಣ್ಣನೇ ಪರಿಚಯದ ನರ್ಸೊಬ್ಬಳನ್ನು ಬಾಡಿಗೆಗೆ ಕರೆತರುವುದು, ಮರಿ ಯಾವುದಕ್ಕೇ ಸಹಿ ಹಾಕಿದರೂ ಪಕ್ಕದಲ್ಲಿ ಅಣ್ಣ ಅಥವಾ ಅಕ್ಕನ ಸಹಿ ಬೇಕು. ನ್ಯಾಯಾಧೀಶರು ಮರಿಯನ್ನೂ ಕರೆದು ಮಾತಾಡಿಸಿ, ಅದನ್ನೇ ಆದೇಶವಾಗಿಸಿದರು.

ಎಲ್ಲ ಸುಸೂತ್ರವಾಯಿತು ಎನ್ನುವಂತಿಲ್ಲ. ಮೊದಲ ನರ್ಸಿಗೂ ಮರಿಗೂ ಹೊಂದಲಿಲ್ಲ. ಚಪ್ಪಲಿ ಬಿಡುವ ಜಾಗದ ಬಗ್ಗೆ ಶುರುವಾದ ಜಗಳದಲ್ಲಿ ಅವಳು ಗಂಟುಮೂಟೆ ಕಟ್ಟಿದಳು. ಎರಡನೆಯವಳು ನಿಂತಳು. ಒಮ್ಮೆ ಮರಿ ನಲ್ಲಿ ತೆರೆದಿಟ್ಟು ಹೋದದ್ದರಿಂದ ಕೆಳಗಿನ ಮನೆಯವರ ಸೂರು ತೊಟ್ಟಿಕ್ಕಿತು. ಅಣ್ಣ ಪ್ಯಾಂಟು ಮಡಚಿ ನೆಲ ಒರೆಸಿದ, ಪರದೆಯಕ್ಕ ಕೆಳಗಿನವರ ಬೈಗುಳ ಕೇಳಿಸಿಕೊಂಡಳು. ಅಂದು ಅಣ್ಣತಂಗಿ ಬಹಳ ದಿನಗಳ ಮೇಲೆ ಒಟ್ಟಿಗೆ ಕೂತು ಚಹಾ ಕುಡಿದರು. ಧಾಮದ ಮಾತನ್ನು ಅಣ್ಣ ಎತ್ತಲಿಲ್ಲ. ಕೈಬಿಟ್ಟಿದ್ದಾನೆ ಎಂದೂ ಹೇಳಲಿಲ್ಲ.

ಈಚೆಗೆ ಒಂದು ಸಂಜೆ, ಔಷಧಿ ಅಂಗಡಿಯ ಎದುರಿನ ಮನೆಯ ಮಹಡಿಯಲ್ಲಿ ಅವಳು ಏಣಿ ಹತ್ತಿ ಪರದೆ ತೂಗುಹಾಕುತ್ತಿದ್ದಾಗ, ರಸ್ತೆಯಾಚೆ ವಕೀಲೆಯ ಕೋಣೆಯ ಹೊರಗಿನ ಬೆಂಚು ಕಾಣಿಸಿತು. ಇಬ್ಬರು ಹೆಂಗಸರ ನಡುವೆ ಮರಿ ಕೂತಿದ್ದ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ತನ್ನ ಸರದಿಗೆ ಕಾಯುತ್ತ. ಬರುವುದಾಗಿ ಅವಳಿಗೆ ಹೇಳಿರಲಿಲ್ಲ. ಕೆಲಸದಲ್ಲಿ ತೊಂದರೆಯೋ, ನರ್ಸಿನ ಮೇಲೆ ದೂರೋ, ತನ್ನ ಮೇಲೆಯೇ ದೂರೋ. ಅವಳು ಕೆಳಗಿಳಿಯಲು ಏಣಿಯ ಮೆಟ್ಟಿಲ ಮೇಲೆ ಕಾಲಿಟ್ಟಳು, ಮತ್ತೆ ನಿಂತಳು. ಬಾಗಿಲು ತೆರೆದು ಯಾರೋ ಹೊರಬಂದರು. ಮರಿ ಎದ್ದು ಅಂಗಿ ಎಳೆದುಕೊಂಡು ಒಳಗೆ ಹೋದ.

“ಬಲಗಡೆ ಸ್ವಲ್ಪ ಗಿಡ್ಡ ಆಯ್ತಲ್ವಾ?” ಎಂದಳು ಮನೆಯಾಕೆ.

“ಇಲ್ಲಮ್ಮ, ನೆರಿಗೆ ಬಿಡಿಸಿಲ್ಲ ಇನ್ನೂ” ಎಂದು ಪರದೆಯಕ್ಕ ಕೆಲಸಕ್ಕೆ ತಿರುಗಿದಳು. ಅವನು ಅಲ್ಲಿಗೆ ಯಾಕೆ ಹೋಗಿದ್ದನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ.