ಅಂಕೋಲಾ ಸ್ಟೇಷನ್ನಿನಲ್ಲಿ ನನ್ನ ಟೆಂಪೋ ಹತ್ತಿದವನು

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬಿಳಿ ಸೀರೆ ಇಲ್ಲ, ಗೆಜ್ಜೆ ಸದ್ದಿಲ್ಲ, ಹಿಂದುಮುಂದಾದ ಪಾದಗಳೂ ಇಲ್ಲ. ಅಂಥದ್ದು ಬೇಕಾದವರು ಇಲ್ಲೇ ನಿಲ್ಲಿಸಿ ಬೇರೆ ಯಾರದಾದರೂ ಪುಕ್ಕಲು ಕತೆ ಹುಡುಕಿಕೊಳ್ಳಬಹುದು. ಇಪ್ಪತ್ತು ವರ್ಷದಿಂದ ಟೆಂಪೋ ಓಡಿಸುತ್ತಿದ್ದೇನೆ. ದೆವ್ವ ಕಂಡೆ ಎನ್ನುವವರಲ್ಲಿ ಮುಕ್ಕಾಲು ಪಾಲು ಕುಡುಕರು, ಉಳಿದವರು ಸುಳ್ಳರು ಎಂದೇ ನಂಬಿಕೊಂಡು ಬಂದವನು. ನಾನು ಕುಡಿಯುವುದಿಲ್ಲ. ಇದರಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದದ್ದೂ ಏನಿಲ್ಲ. ಇದು ನಡೆದದ್ದು.

ನನ್ನ ಊರು ಅಂಕೋಲಾ. ರೈಲಿನ ಜನರನ್ನು ಅಂಕೋಲಾ ಸ್ಟೇಷನ್ನಿಗೂ, ಕಾರವಾರದವರ ಸ್ಟೇಷನ್ ಇರುವ ಶಿರವಾಡಕ್ಕೂ ಸಾಗಿಸುವುದು ನನ್ನ ಕಸುಬು. ತಂಗಿ ಸುಜಾತಾಳನ್ನು ಕೊಟ್ಟದ್ದು ಕಾಳಿ ಹೊಳೆಯ ಆಚೆಗಿನ ಹಣಕೋಣಕ್ಕೆ. ಅವಳ ಗಂಡ ದೇವಿದಾಸನಿಗೆ ಪ್ರವಾಸಿಗರ ಹಡಗಿನಲ್ಲಿ ಕೆಲಸ. ಕೆಲಸ ಅಂದರೆ ಅಲ್ಲಿಯ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವುದು. ಆದರೆ ರಜೆಗೆ ಬಂದಾಗ ಅವನ ನಡಿಗೆ ನೋಡಿದರೆ ಹಡಗಿನ ಚುಕ್ಕಾಣಿಯೇ ಅವನ ಕೈಯಲ್ಲಿದೆ ಅನ್ನಬೇಕು.

ಇಟಲಿಯ ಬಂದರಿನಲ್ಲಿ ಇಳಿದು ಮುಂದೆ ಹೋಗುವುದು ಹೇಗೆ ಎಂಬುದು ಅವನ ಮೆಚ್ಚಿನ ಪುರಾಣ. ಹಡಗಿನವರ ಬಸ್ಸಿಗೆ ದುಡ್ಡು ಸುರಿಯುವವರು ಶುದ್ಧ ದಡ್ಡರಂತೆ. ಬಂದರಿನ ಶಟಲ್ ಬಸ್ಸು ಹತ್ತಬೇಕಂತೆ, ಅದರಿಂದ ಸ್ಟೇಷನ್ ಹಿಡಿಯಬೇಕಂತೆ, ಅಲ್ಲಿ ಪ್ಯಾಸೆಂಜರ್ ಗಾಡಿ. ಗಾಡಿ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ಇರುವ ಒಂದು ಯಂತ್ರದ ಬಾಯಿಗೆ ಟಿಕೆಟು ತುರುಕಿ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ಟಿಕೆಟು ಇದ್ದೂ ಇಲ್ಲದ ಲೆಕ್ಕ. ಊಟದ ತಟ್ಟೆಯಲ್ಲಿ ಉಪ್ಪಿನಕಾಯಿಯನ್ನು ಬಂದರು ಮಾಡಿ, ಬಂಗಡೆ ಮೀನಿನ ಮುಳ್ಳನ್ನು ರೈಲು ಹಳಿ ಮಾಡಿ ತೋರಿಸುತ್ತಿದ್ದ. ಹಣಕೋಣದಿಂದ ಕಾರವಾರದ ಸಂತೆಗೆ ಹೋಗಿ ಬರುವ ನಮ್ಮ ಜನಕ್ಕೆ ಈ ಜ್ಞಾನ ಯಾತಕ್ಕೆ ಬೇಕು ಎಂದು ಅವನಿಗೆ ಒಮ್ಮೆಯೂ ಅನಿಸಿದ್ದಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಎರಡು ವರ್ಷದ ಹಿಂದೆ ಸುಜಾತಾಳ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಹೋಯಿತು. ಇವನು ಆಗ ಹಡಗಿನಲ್ಲಿದ್ದ. ಫೋನಿನಲ್ಲಿ ಹೇಳಿದರೆ "ಹೌದಾ" ಎಂದನಂತೆ. ಎರಡು ನಿಮಿಷ ಬಿಟ್ಟು, ಯಾರೋ ಮುದುಕಿ ಶಟಲ್ ತಪ್ಪಿಸಿಕೊಂಡು ಹಡಗಿನ ಹಿಂದೆ ಓಡಿದ ಕತೆ ಹೇಳಿ ನಕ್ಕನಂತೆ. ಆಮೇಲೆ ಎರಡು ಸಲ ರಜೆಗೆ ಬಂದ. ಆ ಬಗ್ಗೆ ತುಟಿ ಬಿಚ್ಚಲಿಲ್ಲ.

ಸುಜಾತಾ ನನಗೆ ಹೇಳಿದ್ದಳು. "ಅಣ್ಣಾ, ಈ ಸಲ ಬಂದಾಗೂ ಅವ್ರು ಒಂದು ಮಾತು ಕೇಳ್ದೇ ಇದ್ರೆ, ನಾ ನಿನ್ನ ಟೆಂಪೋ ಹತ್ತಿ ಅಂಕೋಲಕ್ಕೆ ಬತ್ತೆ ನೋಡು. ಮತ್ತೆ ಈ ಮನೆಗೆ ಕಾಲು ಇಡೂದಿಲ್ಲ."

ನನಗೇನು, ಬಂದರೆ ಬರಲಿ ಎಂದೇ ಇತ್ತು. ಆದರೆ ಅವಳಿಗೆ ಬರುವ ಮನಸ್ಸಿರಲಿಲ್ಲ. ಆ ಒಂದು ಮಾತಿಗೆ ಅವಳು ಎರಡು ವರ್ಷದಿಂದ ಕಾಯುತ್ತಿದ್ದಳು.

ಹೋದ ದೀಪಾವಳಿ ಮುಗಿದ ಮಾರನೇ ವಾರ. ಸಂಜೆ ಏಳೂವರೆ ಇರಬೇಕು, ಕತ್ತಲಾಗಿತ್ತು. ಫೋನು ಬಂತು. ಗಾಳಿಯ ಸದ್ದು, ನಡುನಡುವೆ ದೇವಿದಾಸನ ದನಿ...

"ಬಾವಾ... ಅಂಕೋ...ದಲ್ಲಿ ಇಳ್ದೆ... ಶಟಲ್ಲು... ಸ್ಟೇಷನ್ನಿಗೆ... ಮನೆಗೆ ಬತ್ತೆ ಅಂತ ಸುಜಾತಂಗೆ ಹೇಳು..."

ಕಟ್ಟಾಯಿತು. ತಿರುಗಿ ಮಾಡಿದರೆ ಹತ್ತಲಿಲ್ಲ.

ಅಂಕೋಲಾದಲ್ಲಿ ಇಳಿದೆ ಎಂದೇ ನನ್ನ ಕಿವಿಗೆ ಬಿತ್ತು. ಅಂಕೋಲಾದವನ ಕಿವಿಗೆ ಇನ್ನೇನು ಬೀಳಬೇಕು? ಆ ವಾರ ಬರುವವನಿದ್ದ ಎಂಬುದೂ ಗೊತ್ತಿತ್ತು. ಗೋವಾದ ಕಡೆಯಿಂದ ಬರುವಾಗ ಶಿರವಾಡದಲ್ಲಿ ಇಳಿಯಬೇಕಾದವನು ನಿದ್ದೆ ಹೊಡೆದು ಅಂಕೋಲಾ ತನಕ ಬಂದಿದ್ದಾನೆ ಎಂದುಕೊಂಡೆ. ಇಡೀ ಇಟಲಿಯ ಗಾಡಿಗಳು ಬಾಯಿಪಾಠ, ತನ್ನೂರಿನ ಸ್ಟೇಷನ್ ಮಾತ್ರ ಗೊತ್ತಾಗಲಿಲ್ಲ! ಒಬ್ಬನೇ ನಗುತ್ತ ಟೆಂಪೋ ತೆಗೆದೆ.

ನಮ್ಮ ಸ್ಟೇಷನ್ ಪೇಟೆಯಿಂದ ದೂರ. ಗಾಡಿ ಇಲ್ಲದ ಹೊತ್ತಿನಲ್ಲಿ ಅಲ್ಲಿ ನಾಯಿಯೂ ಇರುವುದಿಲ್ಲ. ಎದುರಿನ ಚಾ ಅಂಗಡಿಯ ಹೆಂಗಸು ಬಾಗಿಲು ಎಳೆಯುತ್ತಿದ್ದಳು.

"ಯಾರನ್ನ ಕರ್ಕಂಡು ಹೋಗುಕೆ ಬಂದ್ರಿ? ಸಂಜಿಂದ ಒಂದೂ ಗಾಡಿ ನಿಲ್ಲಲಿಲ್ಲ."

ಬಾಣಲೆಯ ಮೇಲೆ ಕಣ್ಣಿಟ್ಟವಳಿಗೆ ಗಾಡಿ ಎಲ್ಲಿ ಕಾಣಬೇಕು ಎಂದುಕೊಂಡು ಒಳಗೆ ಹೋದೆ.

ಅವನು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದ. ನನಗೆ ಬೆನ್ನು ಹಾಕಿ, ಒಂದು ಕಂಬವನ್ನು ಮೇಲಿಂದ ಕೆಳಗೆ ಕೈಯಿಂದ ಸವರುತ್ತಿದ್ದ. ಸವರುವುದು, ನಿಲ್ಲುವುದು... ಮತ್ತೆ ಸವರುವುದು. ಇನ್ನೊಂದು ಕೈಯಲ್ಲಿ ಟಿಕೆಟು.

"ಏನ ಹುಡುಕ್ತ್ಯೋ ಮಾರಾಯಾ?"

ತಿರುಗಿದ. ದೇವಿದಾಸನೇ. ಅದೇ ಮುಖ, ಅದೇ ಅರ್ಧ ನರೆತ ಮೀಸೆ. "ಮುದ್ರೆ ಒತ್ತೂ ಯಂತ್ರ ಎಲ್ಲೂ ಇಲ್ವಲ ಬಾವಾ..." ಎಂದ. ದನಿ ತೀರಾ ಮೆಲ್ಲಗಿತ್ತು. "ಮುದ್ರೆ ಇಲ್ದೇ ಇದ್ರೆ ನಡೀತದಾ?"

"ಇದು ಅಂಕೋಲಾ. ಇಲ್ಲಿ ಟಿಕೆಟು ಕೇಳೂಕೇ ಯಾರೂ ಇಲ್ಲ. ನಡಿ."

ನನ್ನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಅವನು ದಪ್ಪ ಕೋಟು ಹಾಕಿ ನಡುಗುತ್ತಿದ್ದ. ಮಾತಾಡಿದಾಗ ಬಾಯಿಯಿಂದ ಬಿಳಿ ಹಬೆ ಬಂತು. ಸಿಗರೇಟು ಎಂದುಕೊಂಡೆ... ಸಿಗರೇಟಿನ ವಾಸನೆ ಇರಲಿಲ್ಲ. ಆಗತಾನೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ, ಅದರ ಅಡಿಯಲ್ಲಿ ತಣ್ಣಗಿನ ಕಬ್ಬಿಣದ್ದು.

ಯಾವಾಗಲೂ ಮುಂದಿನ ಸೀಟಿಗೇ ಬಂದು ಕೂತು ರೇಡಿಯೋ ತಿರುಗಿಸುವವನು, ಅಂದು ಹೋಗಿ ಕೊನೆಯ ಸೀಟಿನಲ್ಲಿ ಕೂತ. ಕೂರಲಿ, ಪುರಾಣ ತಪ್ಪಿತು ಎಂದು ನಾನು ಖುಷಿಪಟ್ಟೆ.

ಅವರ್ಸಾ ದಾಟುವಾಗ ಶುರುವಾಯಿತು. ಟಕ್-ಟಕ್... ಟಕ್-ಟಕ್... ಹಿಂದಿನ ಬಾಗಿಲು ಸಡಿಲಾಗಿದೆಯೇನೋ ಎಂದು ರಸ್ತೆ ಬದಿಗೆ ನಿಲ್ಲಿಸಿ, ಇಳಿದು ನೋಡಿದೆ. ಬಾಗಿಲು ಭದ್ರ ಇತ್ತು. ಟೆಂಪೋ ನಿಂತಿದ್ದರೂ ಒಳಗೆ ಆ ಸದ್ದು ನಿಂತಿರಲಿಲ್ಲ. ರೈಲಿನೊಳಗೆ ಕೂತಾಗ ಕಾಲಡಿಯಲ್ಲಿ ಕೇಳುತ್ತದಲ್ಲ, ಅದೇ. ಅದರ ಜೊತೆ ಒಬ್ಬ ಹೆಂಗಸಿನ ದನಿ, ನನಗೆ ತಿಳಿಯದ ಭಾಷೆಯಲ್ಲಿ ಊರುಗಳ ಹೆಸರು ಕೂಗಿದ ಹಾಗೆ... ಅವನ ಫೋನಿನಿಂದ ಬರುತ್ತಿದೆ ಎಂದುಕೊಂಡೆ. ಅವನ ಎರಡೂ ಕೈ ತೊಡೆಯ ಮೇಲಿದ್ದವು, ಖಾಲಿ ಇದ್ದವು.

ನನಗೆ ಆಗ ಹೆದರಿಕೆ ಆಯಿತಾ? ಇಲ್ಲ, ಸಿಟ್ಟು ಬಂತು. ಹೆದರುವ ಬುದ್ಧಿ ನನಗೆ ತಡವಾಗಿ ಬಂತು.

ಬಿಣಗಾ ದಾಟಿ, ಕಾರವಾರ ಪೇಟೆ ದಾಟಿ, ಕಾಳಿ ಸೇತುವೆಗೆ ಬಂದೆವು. ಹಿಂದಿನಿಂದ ಕೇಳಿದ.

"ಬಾವಾ... ಇದು ಯಾವ ಹೊಳೆ?"

ಕಾಳಿ ಹೊಳೆಯ ಮೀನು, ಚಿಪ್ಪಿಕಲ್ಲು ತಿಂದು ಬೆಳೆದವನು ಕೇಳುವ ಮಾತೇ ಇದು? "ಆರು ತಿಂಗ್ಳು ಹಡಗಿನಲ್ಲಿ ಬಟ್ಟೆ ಒಗೆದ್ರೆ ಹುಟ್ಟಿದ ಊರಿನ ಹೊಳೆನೂ ಮರ್ತೋಗ್ತದಾ?" ಎಂದು ಚುಚ್ಚಿದೆ. ಸೇತುವೆ ಇಳಿಯುವಾಗ, "ಸುಜಾತಾ ರಾತ್ರಿ ನಿದ್ದೆ ಮಾಡ್ತಾಳಾ?" ಎಂದು ಕೇಳಿದ. ಅಷ್ಟು ವರ್ಷದಲ್ಲಿ ಅವನ ಬಾಯಿಂದ ನನ್ನ ತಂಗಿಯ ಬಗ್ಗೆ ಬಂದ ಮೊದಲನೇ ಪ್ರಶ್ನೆ ಅದು.

ಹಣಕೋಣದಲ್ಲಿ ಸುಜಾತಾ ದೀಪ ಹಾಕಿ ಬಾಗಿಲು ತೆಗೆದಳು. ಅವನು ಅಂಗಳದಲ್ಲೇ ನಿಂತ. ಅವಳು "ಒಳಗೆ ಬನ್ನಿ" ಎನ್ನುವ ತನಕ ಮೆಟ್ಟಿಲು ಹತ್ತಲಿಲ್ಲ. ನಾನು ತಿರುಗಿ ಹೊರಟೆ. ಬರುವಾಗ ಟೆಂಪೋದಲ್ಲಿ ಒಂದು ಸದ್ದೂ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಅವಳ ಫೋನು. ಎರಡು ವರ್ಷದಿಂದ ಅವಳ ದನಿಯಲ್ಲಿ ನಾನು ಅಂಥ ಗೆಲುವು ಕೇಳಿರಲಿಲ್ಲ.

"ಅಣ್ಣಾ... ಅವ್ರು ಕೇಳಿದ್ರು."

"ಏನ ಕೇಳಿದ?"

"ಎಲ್ಲಾ. ಯಾವ ಆಸ್ಪತ್ರೆ, ಯಾರಿದ್ರು ಜೊತೆಗೆ, ಎಷ್ಟು ಹೊತ್ತು ನೋವು ತಿಂದೆ... ಕೂಸು ಗಂಡೋ ಹೆಣ್ಣೋ ಅಂತ ಕೇಳಿದ್ರು ಅಣ್ಣಾ. ನನ್ನ ಅಂಗೈ ಹಿಡ್ಕಂಡು ಅತ್ರು. ಕೈ ಮಂಜಿನಂಗೆ ತಣ್ಣಗಿತ್ತು."

"ಈಗ ಎಲ್ಲಿದ್ದ?"

"ಬೆಳಗಾಗೂಕೆ ಮುಂಚೆ ಎದ್ದು ಹೋದ್ರು. ಟಿಕೆಟಿಗೆ ಮುದ್ರೆ ಬಿದ್ದಿಲ್ಲ, ಸ್ಟೇಷನ್ನಿಗೆ ಹೋಗಿ ಬತ್ತೆ ಅಂದ್ರು. ಎಂಥ ಮುದ್ರೆ, ಎಂಥ ಟಿಕೆಟು, ನಾ ಕೇಳ್ಲಿಲ್ಲ. ನಂಗೆ ಮತ್ತೇನೂ ಕೇಳೂದು ಬೇಡ ಅನಿಸ್ತು."

ಹತ್ತು ಗಂಟೆಗೆ ಇನ್ನೊಂದು ಫೋನು. ಈ ಸಲ ದನಿ ಗಂಟೆ ಹೊಡೆದಷ್ಟು ಸ್ಪಷ್ಟ.

"ಏ ಬಾವಾ, ನಿನ್ನೆ ಕಟ್ಟಾಯ್ತಲ! ಅಂಕೋನಾದಲ್ಲಿ ಇಳ್ದೆ ಅಂತ ಹೇಳೂಕೆ ಮಾಡಿದ್ದೆ. ಈಗ ರೋಮಿನ ಏರ್‌ಪೋರ್ಟಿನಲ್ಲಿದ್ದೆ. ನಾಡಿದ್ದು ಬೆಳಿಗ್ಗೆ ಶಿರವಾಡಕ್ಕೆ ಬತ್ತೆ, ಟೆಂಪೋ ತಕಂಡು ಬಾ. ಸುಜಾತಂಗೂ ನೀನೇ ಹೇಳ್ಬಿಡು."

"ಎಲ್ಲಿ ಇಳ್ದೆ?"

"ಅಂಕೋನಾ ಮಾರಾಯಾ, ಅಂಕೋನಾ! ಇಟಲಿಯ ಬಂದರು. ನಿಂಗೆಲ್ಲಿ ಗೊತ್ತಿರ್ತದೆ!"

ನಾನು ಟೆಂಪೋದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಡುಮಧ್ಯಾಹ್ನದ ತನಕ ಅಲ್ಲೇ ಕೂತಿದ್ದೆ, ಬಾಡಿಗೆಗೆ ಕರೆದವರಿಗೆಲ್ಲ ಇಲ್ಲ ಎಂದೆ. ನನ್ನ ತಂಗಿ ಒಬ್ಬಳೇ ಇದ್ದ ಮನೆಗೆ, ನನ್ನದೇ ಗಾಡಿಯಲ್ಲಿ, ನಾನೇ ಏನನ್ನು ಕೂರಿಸಿಕೊಂಡು ಹೋಗಿ ಇಳಿಸಿ ಬಂದೆ? ಅವಳಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಹಡಗಿನ ಆಫೀಸಿನ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದಾನಂತೆ, ನಾಡಿದ್ದು ಬರುತ್ತಾನೆ ಎಂದು ಹೇಳಿದೆ. "ಬರ್ಲಿ" ಎಂದು ಅವಳು ನಕ್ಕಳು. ಪುಕ್ಕಲರ ಬಗ್ಗೆ ಅಷ್ಟೆಲ್ಲ ಮಾತಾಡುವ ನಾನು, ಆ ನಗು ಕೇಳಿ ಫೋನು ಇಟ್ಟುಬಿಟ್ಟೆ.

ಮೂರನೇ ದಿನ ಬೆಳಿಗ್ಗೆ ಶಿರವಾಡ ಸ್ಟೇಷನ್. ದೇವಿದಾಸ ಎರಡು ಪೆಟ್ಟಿಗೆ ಎಳೆದುಕೊಂಡು ಬಂದ. ಮುಂದಿನ ಸೀಟು, ರೇಡಿಯೋ, ಪುರಾಣ. ಅಂಕೋನಾದಲ್ಲಿ ಶಟಲ್ ಎಲ್ಲಿ ನಿಲ್ಲುತ್ತದೆ, ಹಡಗಿನ ಬಸ್ಸು ಹತ್ತಿದ ದಡ್ಡರು ಎಷ್ಟು ಕೊಟ್ಟರು, ರೋಮಿನ ಗಾಡಿ ಬೆಟ್ಟಗಳ ನಡುವೆ ಹೇಗೆ ಹೋಗುತ್ತದೆ...

"ಒಂದು ಮಜಾ ಕೇಳು ಬಾವಾ. ಸ್ಟೇಷನ್ನಿನಲ್ಲಿ ಮುದ್ರೆ ಯಂತ್ರನೇ ಕೆಟ್ಟಿತ್ತು! ಕಂಬ ಕಂಬ ಹುಡುಕ್ದೆ. ಮುದ್ರೆ ಇಲ್ದೇ ಹತ್ತಿದ್ದಕ್ಕೆ ಟಿಕೆಟು ನೋಡೂವವ ಬೈದ ಬೈದ..."

ನಾನು ಗಾಡಿ ನಿಲ್ಲಿಸಿದೆ. "ಆಮೇಲೆ?"

"ಆಮೇಲೇನ? ಕೂತಲ್ಲೇ ನಿದ್ದೆ ಬಂತು. ರೋಮು ಬರೂ ತನಕ ಸತ್ತವರಂಗೆ ಮಲ್ಗಿದ್ದೆ. ಯಾಕ ನಿಲ್ಸಿದೆ?"

ಏನೂ ಇಲ್ಲ ಎಂದು ಮತ್ತೆ ಹೊರಟೆ.

ಸುಜಾತಾ ಬಾಗಿಲಲ್ಲೇ ನಿಂತಿದ್ದಳು. ತಲೆಗೆ ಸೇವಂತಿಗೆ ಹೂ ಮುಡಿದಿದ್ದಳು. ದೇವಿದಾಸ ಅವಳ ಬದಿಯಿಂದ ಪೆಟ್ಟಿಗೆ ಎಳೆದುಕೊಂಡು ಒಳಗೆ ನುಗ್ಗಿ, ಖುರ್ಚಿಯಲ್ಲಿ ಕಾಲು ಚಾಚಿ, "ಚಾ ತಾ. ಮನೆಯೆಲ್ಲ ಎಂಥ ಮುಗ್ಗಲು ವಾಸನೆ ಇದು?" ಎಂದ. ಮತ್ತೆ ಅಂಕೋನಾದ ಕತೆ ತೆಗೆದ. ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಹೂವಿನ ವಾಸನೆ ಬಿಟ್ಟರೆ ಅಲ್ಲಿ ನನಗೆ ಬೇರೆ ಯಾವ ವಾಸನೆಯೂ ಬರಲಿಲ್ಲ.

"ಒಂದು ಕೇಳ್ತೆ, ಹೇಳಿ" ಎಂದಳು. "ನಂಗೆ ಯಾವ ಆಸ್ಪತ್ರೆಗೆ ಕರ್ಕಂಡು ಹೋಗಿದ್ರು?"

"ಆಸ್ಪತ್ರೆನಾ?" ದೇವಿದಾಸ ನನ್ನ ಮುಖ ನೋಡಿದ. "ಯಾಕೆ, ಏನಾಗಿತ್ತು ನಿಂಗೆ?"

ಸುಜಾತಾ ನನ್ನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಗಂಡನನ್ನು 'ಅವ್ರು' ಎಂದಲ್ಲದೆ ಕರೆಯದವಳು, ದನಿ ಏರಿಸದೆ ಹೇಳಿದಳು.

"ಅಣ್ಣಾ, ಇವನನ್ನ ವಾಪಸ್ ಬಿಟ್ಟು ಬಾ. ಮೊನ್ನೆ ತಂದಿದ್ಯಲ, ಅವ್ರನ್ನ ಕರ್ಕಂಡು ಬಾ."

ದೇವಿದಾಸ ನಕ್ಕ. ಹೆಂಗಸಿಗೆ ತಲೆ ಕೆಟ್ಟಿದೆ ಎಂದ, ನಿಮಗಿಬ್ಬರಿಗೂ ಕೆಟ್ಟಿದೆ ಎಂದ. ಅವಳು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದು ಟೆಂಪೋ ಹತ್ತಿದಳು, ಕೊನೆಯ ಸೀಟಿಗೆ.

ಈಗ ನನ್ನ ಮನೆಯಲ್ಲೇ ಇದ್ದಾಳೆ. ಉಣ್ಣುತ್ತಾಳೆ, ನಗುತ್ತಾಳೆ, ನನ್ನ ಹೆಂಡತಿಯ ಜೊತೆ ಗೇರುಬೀಜ ಸುಲಿಯುತ್ತಾಳೆ, ಯಾವ ಹುಚ್ಚೂ ಇಲ್ಲ. ನಾನು ಹೆದರಿ ಹೆದರಿ ಒಮ್ಮೆ ಎಲ್ಲ ಹೇಳಿದೆ, ಅಂಕೋನಾ, ಅಂಕೋಲಾ, ಎಲ್ಲ. "ಗೊತ್ತಿತ್ತು ಅಣ್ಣಾ" ಎಂದಳು. "ಅವತ್ತು ಬಾಗಿಲು ತೆಗ್ದಾಗ್ಲೇ ಗೊತ್ತಾಗಿತ್ತು."

ಸಂಜೆ ಏಳೂವರೆ ಆಯಿತೆಂದರೆ ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಸ್ಟೇಷನ್ನಿಗೆ ಹೋಗಿ ಬತ್ಯಾ ಅಣ್ಣಾ?" ಎನ್ನುತ್ತಾಳೆ.

ಹೋಗುತ್ತೇನೆ. ಖಾಲಿ ಪ್ಲಾಟ್‌ಫಾರ್ಮಿನ ಆ ತುದಿಯ ತನಕ ನಡೆದು ನೋಡಿ ಬರುತ್ತೇನೆ. ಈವರೆಗೆ ಯಾರೂ ಇರಲಿಲ್ಲ. ಯಾರೂ ಇಲ್ಲದಿದ್ದರೆ ನನಗೆ ಸಮಾಧಾನ ಆಗಬೇಕಲ್ಲ... ಆಗುತ್ತಿಲ್ಲ.